ನೋಡದೆ ಕೊಟ್ಟ ಸಂಚಕಾರ

ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನ ಅಮೃತೇಶನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು, ವೇಗದ ಕಾರು. ಭತ್ತದ ಗದ್ದೆಗಳಿಗೆ ಟಿಲ್ಲರ್ ಬಾಡಿಗೆಗೆ ಬಿಟ್ಟು, ಐದು ವರ್ಷ ಹೊಟ್ಟೆ ಬಾಯಿ ಕಟ್ಟಿ ಆರು ಲಕ್ಷ ಕೂಡಿಸಿದ್ದ. ಟರ್ಬೊ ಇಂಜಿನ್ನಿನ ಹೊಸ ಕಾರು ಆ ದುಡ್ಡಿಗೆ ಕನಸಿನ ಮಾತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತ ಮೂರು ತಿಂಗಳಿಂದ ಮೊಬೈಲಿನೊಳಗೇ ಸಂಸಾರ ಹೂಡಿದ್ದ. ಹೆಂಡತಿ ಚೈತ್ರ, "ಆ ಫೋನಿಗೇ ನಾಕು ಚಕ್ರ ಹಾಕುಸ್ಬುಡಿ" ಎಂದು ರೇಗಿಸುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಚೈತ್ರಳ ತಂಗಿ ಪವಿತ್ರ ನಂಜನಗೂಡಿನಿಂದ ಬಂದಳು. ಅಲ್ಲಿ ವಾಹನಗಳಿಗೆ ವಿಮೆ ಮಾಡಿಸುವ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ. ಬಂದು ನೋಡಿದರೆ ಬಾವ ತಟ್ಟೆ ತುಂಬ ಆರು ಇಡ್ಲಿ ಹಾಕಿಸಿಕೊಂಡು, ಒಂದನ್ನೂ ಮುರಿಯದೆ ಫೋನು ನೋಡುತ್ತ ಕೂತಿದ್ದಾನೆ.

"ಏನ್ ಬಾವ, ಇಡ್ಲಿ ತಣ್ಣಗಾಯ್ತಾ ಅವೆ."

"ಕಾರು ಸಿಕ್ತು ಕಣಮ್ಮ!" ಅಮೃತೇಶ ಫೋನು ಮುಂದೆ ಹಿಡಿದ. ಕೆಂಪು ಕಾರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಹತ್ತು ಲಕ್ಷದ ಮಾಲು, ಐದೂಮುಕ್ಕಾಲಿಗೆ ಕೊಡ್ತಾವ್ರೆ. ಗಂಗಾಧರಸ್ವಾಮಿ ಅಂತ, ಮೂಗೂರೋರು. ಫೋಟೊ ನೋಡು, ಹಣೆ ತುಂಬ ವಿಭೂತಿ. ನಮ್ಮೋರೇ."

"ವಿಭೂತಿ ಅಂಗ್ಡೀಲಿ ಯಾರಿಗ್ ಬೇಕಾದ್ರೂ ಸಿಗ್ತದೆ. ಮೂಗೂರಿಗೆ ಹೋಗಿ ಕಾರು ನೋಡುದ್ರಾ?"

"ಅವ್ರಿಗೆ ದಿಲ್ಲಿಗೆ ಟ್ರಾನ್ಸ್‌ಫರ್ ಆಯ್ತಂತೆ. ಕಾರು ಬೆಂಗಳೂರು ಏರ್‌ಪೋರ್ಟ್ ಗೋಡೌನ್ನಲ್ಲಿ ಅದೆ. ಗೇಟ್ ಪಾಸಿಗೆ ಮೂವತ್ತೈದು ಸಾವ್ರ ಹಾಕುದ್ರೆ ಸಂಜೆಗೆ ಮನೆ ಬಾಗ್ಲಿಗೇ ಬತ್ತದೆ. ಹನ್ನೊಂದು ಗಂಟೆ ಒಳಗೆ ಹಾಕ್ಬೇಕು, ಇಲ್ದಿದ್ರೆ ಇನ್ನೊಬ್ಬ ಪಾರ್ಟಿ ಕಾಯ್ತಾವ್ನಂತೆ."

ಆಗ ಹತ್ತೂವರೆ. ಪವಿತ್ರ ಜಗಳವಾಡಲಿಲ್ಲ. ಬಾವನ ತಟ್ಟೆಯ ಮುಂದೆ ಕೂತಳು.

"ಅದ್ ಹಂಗಿರ್ಲಿ. ಒಂದು ಇಡ್ಲಿ ಒಂದು ಲಕ್ಷ ಅನ್ಕೊಳಿ. ನಿಮ್ಮ ಹತ್ರ ಆರವೆ." ಅವಳು ಒಂದು ಇಡ್ಲಿಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಇದು ರಿಪೇರಿ ದುಡ್ಡು. ಇಂಥ ಗಾಡಿಗೆ ಟೈರು, ಬ್ರೇಕು, ಕ್ಲಚ್ಚು ಎಲ್ಲಾ ದುಬಾರಿ. ಟರ್ಬೊ ಕೈ ಕೊಟ್ರಂತೂ ಇದೂ ಸಾಲ್ದು. ಕಾರು ತಗೊಳೋ ದಿನ ಇದನ್ನ ಮುಟ್ಟಂಗಿಲ್ಲ." ಇನ್ನೊಂದನ್ನು ಅರ್ಧ ಮುರಿದಳು. "ಇದು ಇನ್ಶೂರೆನ್ಸು, ನಿಮ್ಮ ಹೆಸರಿಗೆ ವರ್ಗಾವಣೆ, ಗಾಡಿ ನೋಡೋ ಮೆಕ್ಯಾನಿಕ್ಕಿನ ಕೂಲಿ." ಆ ಅರ್ಧವನ್ನು ಚಟ್ನಿಗೆ ಅದ್ದಿ ತಾನೇ ಬಾಯಿಗೆ ಹಾಕಿಕೊಂಡಳು. "ಉಳಿದಿರೋ ನಾಕೂವರೆ ಮಾತ್ರ ಕಾರಿನ ಬೆಲೆ. ಪೆಟ್ರೋಲು ಬೇರೆ. ಲೀಟರಿಗೆ ಹತ್ತು ಕಿಲೋಮೀಟ್ರು ಓಡುದ್ರೆ ಪುಣ್ಯ. ಅದು ತಿಂಗ್ಳು ತಿಂಗ್ಳು ನಿಮ್ಮ ದುಡಿಮೇಲಿ ಹೋಗ್ಬೇಕು. ಹೋಗ್ತದಾ, ಲೆಕ್ಕ ಹಾಕುದ್ರಾ?"

ಅಮೃತೇಶ ತಟ್ಟೆಯನ್ನೇ ನೋಡಿದ. ಅವನು ಲೆಕ್ಕ ಹಾಕಿದ್ದು ಕಾರಿನ ಬಣ್ಣ ಮಾತ್ರ.

ಅಷ್ಟರಲ್ಲಿ ಪವಿತ್ರ ಫೋಟೊದಲ್ಲಿದ್ದ ನಂಬರನ್ನು ತನ್ನ ಫೋನಿನ ಎಂ-ಪರಿವಾಹನ್ ಆ್ಯಪ್‌ಗೆ ಹಾಕಿ ನೋಡುತ್ತಿದ್ದಳು. ಸಾರಿಗೆ ಇಲಾಖೆಯ ದಾಖಲೆ ತೋರಿಸುವ ಸರ್ಕಾರಿ ಆ್ಯಪ್ ಅದು. ನೋಡಿದವಳೇ ನಕ್ಕಳು. "ಬಾವ, ಇದು ಕಾರಿನ ನಂಬರಲ್ಲ, ಯಾರದೋ ಸ್ಕೂಟರಿಂದು."

ಅಮೃತೇಶನ ಮುಖ ಸಪ್ಪಗಾಯಿತು. ಆದರೂ ಅವನು, "ಫೋಟೊದಲ್ಲಿ ಏನೋ ಎಡವಟ್ಟಾಗಿರ್ಬೋದು. ಈಗ ಹಿಂದಕ್ಕೋಗಂಗಿಲ್ಲ ಪವಿತ್ರ. ನೆನ್ನೆ ಐದು ಸಾವ್ರ ಸಂಚಕಾರ ಕೊಟ್ಬುಟ್ಟಿದ್ದೀನಿ" ಎಂದ.

ಆ ಮನೆಯಲ್ಲಿ ಆ ಮಾತಿಗೆ ತೂಕವಿತ್ತು. ವ್ಯಾಪಾರ ಕುದುರಿದ ಕೂಡಲೇ ಕೈಗೆ ಹಾಕುವ ಮುಂಗಡವೇ ಸಂಚಕಾರ. ಅಮೃತೇಶನ ತಂದೆ ಪುಟ್ಟಬಸವಯ್ಯನವರು ನಲವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದವರು. ಸಂಚಕಾರ ಕೊಟ್ಟ ಮೇಲೆ ಪಕ್ಕದಲ್ಲೇ ಅರ್ಧ ಬೆಲೆಗೆ ಜೋಡಿ ಸಿಕ್ಕರೂ ಅವರು ತಿರುಗಿ ನೋಡಿದವರಲ್ಲ. ಅಂಥವರ ಮಗನಾಗಿ ಮಾತು ತಪ್ಪುವುದು ಹೇಗೆ? ಕಾರಿನ ಆಸೆಗಿಂತ ಈ ಸಂಕೋಚವೇ ಅವನನ್ನು ಗಟ್ಟಿಯಾಗಿ ಹಿಡಿದಿತ್ತು. ಮೂವತ್ತೈದು ಸಾವಿರ ಹಾಕಲು ಅವನು ಫೋನು ಕೈಗೆತ್ತಿಕೊಂಡೇಬಿಟ್ಟ.

ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಪುಟ್ಟಬಸವಯ್ಯನವರಿಗೆ ಇದೆಲ್ಲ ಕೇಳಿಸಿತ್ತು.

"ಲೇ ಅಮೃತೇಶ, ಬಾರ್ಲಾ ಇಲ್ಲಿ. ಆ ಸಂಚಕಾರವ ಎಲ್ಲಿ ಕೊಟ್ಟೆ?"

"ಫೋನಲ್ಲಿ ಅಪ್ಪಾಜಿ."

"ನಾನು ಎಂಗ್ ಕೊಡ್ತಿದ್ದೆ ಯೋಳು. ಚಿಕ್ಕೋನಿದ್ದಾಗ ಜೊತೇಲಿ ಬತ್ತಿದ್ದಲ್ಲ."

"ಹಲ್ಲು ನೋಡ್ತಿದ್ರಿ. ಮೈ ಮೇಲಿನ ಸುಳಿ ನೋಡ್ತಿದ್ರಿ. ನೊಗಕ್ಕೆ ಕಟ್ಟಿ ನಡೆಸ್ತಿದ್ರಿ."

"ಆಮೇಲೆ?"

"ಎತ್ತಿನ ಬೆನ್ ಮೇಲೆ ಒಂದು ಕೈ ಮಡಗಿ, ಇನ್ನೊಂದು ಕೈಲಿ ದುಡ್ಡು ಕೊಡ್ತಿದ್ರಿ."

"ನಿನ್ ಕೈ ಎಲ್ಲಿತ್ತು?"

ಅಮೃತೇಶ ಕೈಯಲ್ಲಿದ್ದ ಫೋನನ್ನು ಜಗಲಿಯ ಮೇಲಿಟ್ಟ.

"ಮಾತು ಉಳಿಸ್ಕೊಳೋಕೆ ಎದುರ್ಗೆ ಒಬ್ಬ ಮನ್ಸ ಇರ್ಬೇಕು ಕಣ್ಲಾ. ಇಲ್ಲಿ ಮನ್ಸನೂ ಇಲ್ಲ, ಮಾಲೂ ಇಲ್ಲ. ನೋಡ್ದೆ ಕೊಟ್ಟುದ್ದು ಸಂಚಕಾರ ಅಲ್ಲ, ನಿನ್ನ ಗಂಟಿಗೇ ಬಂದಿರೋ ಸಂಚಕಾರ. ಅದಕ್ಕೆ ನೀನು ಮರ್ಯಾದೆ ಕೊಡ್ಬೇಕಾಗಿಲ್ಲ."

ಅಪ್ಪನ ಬಾಯಿಂದಲೇ ಆ ಮಾತು ಬಂದಾಗ ಅಮೃತೇಶನಿಗೆ ಎದೆ ಮೇಲಿನ ಚಪ್ಪಡಿ ಇಳಿಸಿದಂತಾಯಿತು. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಮಾರುವವನೇ. ಪುಟ್ಟಬಸವಯ್ಯನವರು ಫೋನಿಗೆ ಬಾಗಿ ವಿನಯದಿಂದಲೇ ಕೇಳಿದರು: "ಮೂಗೂರ್ನಲ್ಲಿ ಯಾರ ಮನೆಯೋರು ಸ್ವಾಮಿ ನೀವು?"

ಆ ಕಡೆಯಿಂದ ಬಂದದ್ದು, "ಹಣ ಹಾಕ್ತೀರೋ ಇಲ್ವೋ ಅಷ್ಟು ಹೇಳಿ" ಎಂಬ ಗದರಿಕೆ. ಹಾಕುವುದಿಲ್ಲ ಎಂದು ಅಮೃತೇಶ ಹೇಳಿದ ಕೂಡಲೇ ಆ ಕಡೆಯವನು ಬೆಣ್ಣೆಯಾದ. "ಸರಿ ಸಾರ್, ನಿಮ್ಮ ಐದು ಸಾವಿರ ವಾಪಸ್ ತಗೊಳ್ಳಿ. ಒಂದು ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಬಂದುಬಿಡುತ್ತೆ."

ಅಮೃತೇಶನ ಬೆರಳು ಮುಂದಾಗಿತ್ತು. ಪವಿತ್ರ ಅವನ ಕೈ ಹಿಡಿದಳು. "ದುಡ್ಡು ಬರೋಕೆ ಪಿನ್ ಬೇಕಿಲ್ಲ ಬಾವ. ಪಿನ್ ಒತ್ತುದ್ರೆ ದುಡ್ಡು ಹೋಗೋದೇ!"

ಆ ಕೂಡಲೇ ಪವಿತ್ರ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿಸಿ ದೂರು ಬರೆಸಿದಳು. ಬ್ಯಾಂಕಿಗೂ ತಿಳಿಸಿದರು. ನೆನ್ನೆಯೇ ಫೋನು ಮಾಡಿದ್ದರೆ ಹಣ ತಡೆಯುವ ಅವಕಾಶ ಹೆಚ್ಚಿತ್ತು ಎಂದು ಅಮೃತೇಶನಿಗೆ ಆಗ ತಿಳಿಯಿತು. ಆ ಐದು ಸಾವಿರ ಇನ್ನೂ ಬಂದಿಲ್ಲ. ಆದರೆ ಉಳಿದ ಗಂಟು ಉಳಿಯಿತು.

ಕಾರಿನ ಹುಚ್ಚು ಬಿಟ್ಟಿತೇ? ಎಲ್ಲಿ ಬಿಡುತ್ತದೆ! ಎರಡು ತಿಂಗಳ ನಂತರ ತಿ. ನರಸೀಪುರದಲ್ಲಿ ಔಷಧಿ ಅಂಗಡಿ ಇಟ್ಟಿರುವ ಸಿದ್ಧಾರ್ಥ ಎಂಬವರ ಟರ್ಬೊ ಕಾರು ಮಾರಾಟಕ್ಕಿದೆ ಎಂದು ಗೊತ್ತಾಯಿತು. ಕೆಂಪಲ್ಲ, ಬೂದು ಬಣ್ಣ. ಹಿಂದಿನ ಬಾಗಿಲಲ್ಲಿ ಸಣ್ಣ ಡೆಂಟು. ಬೆಲೆ ನಾಲ್ಕು ಲಕ್ಷ ನಲವತ್ತು ಸಾವಿರ. ಅಮೃತೇಶ ಈ ಸಲ ಅಪ್ಪನನ್ನೂ ಪವಿತ್ರಳನ್ನೂ ಮೆಕ್ಯಾನಿಕ್ ಚಿಕ್ಕಮಾದುವನ್ನೂ ಕರೆದುಕೊಂಡು ಹೋದ. ಅದಕ್ಕೂ ಮೊದಲು ಎರಡು ಕಾರುಗಳನ್ನು ಚಿಕ್ಕಮಾದು, "ಬ್ಯಾಡ ಬುಡಿ ಸಾ, ಒಳಗೆಲ್ಲಾ ತುಕ್ಕು" ಎಂದು ತಳ್ಳಿಹಾಕಿದ್ದ.

ಚಿಕ್ಕಮಾದು ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿದ, ಸದ್ದು ಕೇಳಿದ. ಚಾಸಿ ನಂಬರು ಆರ್‌ಸಿಯ ಜೊತೆ ತಾಳೆಯಾಯಿತು. ಹಳೆಯ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರವಿದೆಯೇ, ದಂಡ ಬಾಕಿ ಇದೆಯೇ ಎಂದು ಪವಿತ್ರ ನೋಡಿದಳು. ಎಲ್ಲ ಸರಿ ಇತ್ತು. ಅಮೃತೇಶ ಸಿದ್ಧಾರ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿ ಬಂದ. ಇಳಿದಾಗ ಮುಖ ಹಬ್ಬವಾಗಿತ್ತು. ಜೇಬಿಗೆ ಕೈ ಹಾಕಿದ.

"ತಡಿಲಾ" ಎಂದರು ಪುಟ್ಟಬಸವಯ್ಯನವರು. "ಕೈ ಎಲ್ಲಿ ಅದೆ?"

ಅಮೃತೇಶ ನಕ್ಕು ಎಡಗೈಯನ್ನು ಬಾನೆಟ್ ಮೇಲಿಟ್ಟ. "ಅಬ್ಬ, ಕಾದದೆ ಅಪ್ಪಾಜಿ!"

"ಓಡ್ಸಿ ನೋಡಿದೀಯ ಅಂತಾಯ್ತು. ಈಗ ಕೊಡು."

ಹತ್ತು ಸಾವಿರ ಸಂಚಕಾರ ಕೈಗೆ ಕೊಟ್ಟು, ರಸೀದಿ ಬರೆಸಿ, ಇಬ್ಬರೂ ಸಹಿ ಹಾಕಿದರು. ಉಳಿದದ್ದು ಬ್ಯಾಂಕಿನ ಮೂಲಕ, ವರ್ಗಾವಣೆಯ ಕಾಗದಗಳಿಗೆ ಸಿದ್ಧಾರ್ಥರು ಸಹಿ ಹಾಕುವ ದಿನ. ರಿಪೇರಿಯ ಒಂದು ಇಡ್ಲಿ ಹಾಗೇ ಬ್ಯಾಂಕಿನಲ್ಲಿತ್ತು. ಮುಂದಿನ ತಿಂಗಳು ಟೈರು ಬದಲಾಯಿಸುವಾಗ ಅಮೃತೇಶ ಯಾರ ಮುಂದೆಯೂ ಕೈ ಚಾಚಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ವೇಗದ ಕಾರಿನ ಆಸೆ ತಪ್ಪಲ್ಲ. ಇರುವ ದುಡ್ಡೆಲ್ಲವನ್ನೂ ಬೆಲೆಗೇ ಸುರಿಯಬೇಡಿ, ರಿಪೇರಿಗೆ, ವಿಮೆಗೆ ಮೊದಲೇ ಎತ್ತಿಡಿ. ಅರ್ಧ ಬೆಲೆಗೆ ಕೊಡುತ್ತೇನೆ, ಈಗಲೇ ಹಾಕಿ ಎಂದು ಅವಸರ ಮಾಡುವವನು ನಿಮ್ಮ ಊರಿನ ಹೆಸರು ಹೇಳಿದರೂ ನಂಬಬೇಡಿ. ಮೋಸ ಹೋದಿರಾದರೆ ನಾಚಿಕೊಂಡು ಕೂರದೆ ಆ ಕ್ಷಣವೇ 1930ಕ್ಕೆ ಫೋನು ಮಾಡಿ. ಮೊದಲು ನಿಮ್ಮ ಒಂದು ಕೈ ಕಾರಿನ ಮೇಲಿರಲಿ. ಇನ್ನೊಂದು ಕೈ ಜೇಬಿಗೆ ಹೋಗುವುದು ಆಮೇಲೆ.