ಎಲೆಯ ಬಣ್ಣ ನೋಡುತ್ತಿದ್ದವಳು

ಸುತ್ತಲಿನ ಗದ್ದೆಯವರೆಲ್ಲ ಅವನನ್ನು ಗೊಬ್ಬರದ ಪಂಡಿತ ಎಂದೇ ಕರೆಯುತ್ತಿದ್ದರು. ಪಂಡಿತನಿಗೆ ಹಸಿರು ಬಣ್ಣವೇ ಗೊತ್ತಾಗುತ್ತಿರಲಿಲ್ಲ. ನಗಬೇಡಿ, ಹುಟ್ಟಿನಿಂದ ಬಂದ ದೋಷ. ಎಳೆ ಹಸಿರು, ಗಿಳಿ ಹಸಿರು, ಕಡು ಹಸಿರು ಎಲ್ಲವೂ ಅವನ ಕಣ್ಣಿಗೆ ಒಂದೇ ಮಬ್ಬು. ಈ ಗುಟ್ಟು ತಿಳಿದಿದ್ದದ್ದು ತಂಗಿಗೆ ಮಾತ್ರ.

ವರ್ಷಕ್ಕೆರಡು ಬೆಳೆ ತೆಗೆಯುವ ಭತ್ತದ ಗದ್ದೆಗೆ ಯೂರಿಯಾವನ್ನು ಒಂದೇ ಸಲ ಸುರಿಯುವಂತಿಲ್ಲ, ಕಂತಿನಲ್ಲಿ ಕೊಡಬೇಕು. ಯಾವಾಗ ಎನ್ನುವುದನ್ನು ಎಲೆಯೇ ಹೇಳುತ್ತದೆ. ಅದಕ್ಕೊಂದು ಪ್ಲಾಸ್ಟಿಕ್ ಪಟ್ಟಿ, ಅದರಲ್ಲಿ ತಿಳಿಯಿಂದ ಕಡುವಿನವರೆಗೆ ಹಸಿರಿನ ನಾಲ್ಕು ಮನೆ. ಬೆಳಿಗ್ಗೆ ಬಿಸಿಲಿಗೆ ಬೆನ್ನು ಕೊಟ್ಟು, ನಮ್ಮದೇ ನೆರಳಿನಲ್ಲಿ ಎಲೆಯನ್ನು ಪಟ್ಟಿಗೆ ಹಿಡಿದು ನೋಡಬೇಕು. ಮೂರನೇ ಮನೆಗಿಂತ ತಿಳಿಯಾಗಿದ್ದರೆ ಯೂರಿಯಾ ಬೇಕು ಎಂದರ್ಥ. ಎಲೆ ಗಿಡದಲ್ಲೇ ಇರಬೇಕು, ಕೀಳುವಂತಿಲ್ಲ. ನೋಡುವ ಕಣ್ಣೂ ವಾರವಾರ ಒಂದೇ ಆಗಿರಬೇಕು.

ಇಪ್ಪತ್ತು ವರ್ಷ ತಂಗಿಯೇ ನೋಡಿದಳು. "ಮೂರಕ್ಕಿಂತ ಕಮ್ಮಿ," ಎಂದು ಅವಳು ಪಿಸುಗುಡುವಳು. "ಮೂರಕ್ಕಿಂತ ಕಮ್ಮಿ! ಹಾಕಿ!" ಎಂದು ಇವನು ಎದೆಯುಬ್ಬಿಸಿ ಸಾರುವನು. ಅಕ್ಕಪಕ್ಕದವರು ತಲೆದೂಗುವರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಕಾಲ ಹೀಗೇ ಕಳೆದುಹೋಗುತ್ತದೆ ಎಂದು ಇವನು ನಂಬಿದ್ದ.

ನಲವತ್ತಾರನೇ ವಯಸ್ಸಿನಲ್ಲಿ ತಂಗಿ ಪೇಟೆಯ ದರ್ಜಿಯೊಬ್ಬನನ್ನು ಮದುವೆಯಾಗಿ ಹೊರಟಳು. ಅಣ್ಣನಾದವನು ಹರಸಿ ಕಳಿಸಬೇಕು ತಾನೇ? "ನೀನಿಲ್ದಿದ್ರೆ ಇಲ್ಲಿ ಏನೂ ಬೆಳೆಯಲ್ಲ ಅಂದ್ಕೊಂಡಿದ್ದೀಯಾ?" ಎಂದುಬಿಟ್ಟ. ಕೋಪ ಅವನಿಗೆ ಮೂಗಿನ ತುದಿಯಲ್ಲೇ ಇತ್ತು.

ಅವಳು ಹೋದ ಮೇಲೂ ಕೈ ತಪ್ಪಿ ಇಬ್ಬರಿಗಾಗುವಷ್ಟು ಬೇಯಿಸುತ್ತಿದ್ದ. ರೇಡಿಯೊ ಹಾಕಿದರೆ ಮನೆ ಇನ್ನಷ್ಟು ಬಿಕೋ ಎನ್ನುತ್ತಿತ್ತು.

ಆ ಬೆಳೆಗೆ ಎರಡು ಕಂತು ಯೂರಿಯಾವನ್ನು ಅಂದಾಜಿನ ಮೇಲೆ ಎರಚಿದ. ತೆನೆ ಕಟ್ಟುವ ಹೊತ್ತಿನ ಕಂತು ಬಂತು. ಕಡಿಮೆಯಾದರೆ ಕಾಳು ತುಂಬುವುದಿಲ್ಲ, ಹೆಚ್ಚಾದರೆ ಪೈರು ನೆಲಕ್ಕೆ ಮಲಗುತ್ತದೆ. ಪಟ್ಟಿ ಹಿಡಿದು ನಿಂತೇ ನಿಂತ. ಪಕ್ಕದ ಗದ್ದೆಯವನು ಬದುವಿನ ಮೇಲೆ ಹಾದು ಹೋಗುತ್ತ, "ಪಂಡಿತರೇ, ಎಷ್ಟಿದೆ?" ಎಂದ. "ನೋಡ್ತಾ ಇದ್ದೀನಿ," ಎಂದ ಪಂಡಿತ. ನೀನೇ ನೋಡಿ ಹೇಳು ಎಂದು ಆಗಲೇ ಕೇಳಿಬಿಡಬಹುದಿತ್ತು, ಮಾನ ಅಡ್ಡ ಬಂತು.

ಮರುದಿನ ಬೆಳಿಗ್ಗೆ ಹತ್ತು ಎಲೆ ಕಿತ್ತು, ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಎರಡು ಗಂಟೆಯ ದಾರಿ.

ತಂಗಿಯ ಮನೆಯೆಂದರೆ ದರ್ಜಿ ಅಂಗಡಿಯ ಹಿಂದಿನ ಎರಡು ಕೋಣೆ. ಒಳಗಿನಿಂದ ಅವಳ ನಗು ಕೇಳಿಸಿತು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಅವನು ಕೇಳಿಯೇ ಇರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟವೆಲು ಬಿಚ್ಚಿದ. ಎಲೆಗಳು ಬಾಡಿ ಸುರುಳಿಯಾಗಿದ್ದವು.

"ಅಣ್ಣ, ಕಿತ್ತ ಎಲೇಲಿ ಬಣ್ಣ ನೋಡೋಕಾಗಲ್ಲ. ನನಗೆ ಇದನ್ನ ಹೇಳಿಕೊಟ್ಟಿದ್ದೇ ನೀನು."

"ಗೊತ್ತು."

"ಮತ್ತೆ?"

"ಬರೋಕೆ ಏನಾದ್ರೂ ನೆಪ ಬೇಕಿತ್ತು. ಅವತ್ತು ಹಾಗೆ ಅನ್ನಬಾರದಿತ್ತು ನಾನು."

ಅವಳ ಕಣ್ಣು ತುಂಬಿತು, ಮಾತು ಮಾತ್ರ ಗಟ್ಟಿಯಾಗಿಯೇ ಬಂತು. "ವಾರವಾರ ಬಂದು ನೋಡೋಕೆ ನನಗಾಗಲ್ಲ ಅಣ್ಣ. ಪಕ್ಕದ ಗದ್ದೆಯವರನ್ನ ಕೇಳು."

"ಕೇಳಿದ್ರೆ ಮಾನ ಹೋಗುತ್ತೆ."

"ಕೇಳದಿದ್ರೆ ಬೆಳೆ ಹೋಗುತ್ತೆ. ಇನ್ನು ಇಲ್ಲಿಗೆ ಬರೋದಾದ್ರೆ ಸುಮ್ಮನೆ ಬಾ, ಎಲೆ ಗಿಲೆ ತರಬೇಡ."

ಮಾರನೇ ಬೆಳಿಗ್ಗೆ ಪಕ್ಕದವನನ್ನು ಕೂಗಿ ಕರೆದು ಪಟ್ಟಿ ಚಾಚಿದ. "ನನಗೆ ಹಸಿರು ಗೊತ್ತಾಗಲ್ಲ. ಇಷ್ಟು ವರ್ಷ ನೋಡಿದ್ದು ನನ್ನ ತಂಗಿ."

ತಮಾಷೆಯೆಂದು ಪಕ್ಕದವನು ನಕ್ಕ. ಇವನ ಮುಖ ನೋಡಿ ನಗು ನುಂಗಿಕೊಂಡ. ಪಟ್ಟಿ ತೆಗೆದುಕೊಂಡು ಕೆಸರಿಗಿಳಿದು ಹತ್ತು ಗಿಡ ನೋಡಿದ.

"ನಾಲ್ಕನೇ ಮನೆ. ಇನ್ನೊಂದು ಹಿಡಿ ಹಾಕಿದ್ರೂ ಪೈರು ಮಲಗಿಬಿಡುತ್ತೆ, ಹಾಕಬೇಡಿ. ಮುಂದಿನ ವಾರನೂ ನಾನೇ ಬಂದು ನೋಡ್ತೀನಿ."

ಬೆಳೆ ಉಳಿಯಿತು ಎಂದು ಪಂಡಿತನ ಜೀವ ನಿರಾಳವಾಗಬೇಕಿತ್ತು. ಆದರೆ ತಂಗಿ ಮನೆ ಬಿಟ್ಟು ಹೋದದ್ದು ಇವತ್ತೇ ಎಂದು ಅವನಿಗನಿಸಿತು. ಅವಳ ಕೆಲಸವೊಂದು ಇಷ್ಟು ದಿನ ಗದ್ದೆಯಲ್ಲಿ ಅವಳಿಗಾಗಿ ಕಾದಿತ್ತು, ಈಗ ಅದನ್ನೂ ಅವನೇ ಬೇರೆಯವರ ಕೈಗೆ ಕೊಟ್ಟಿದ್ದ. ಪಕ್ಕದವನು ದೂರ ಹೋಗುವವರೆಗೆ ತಡೆದುಕೊಂಡು, ಬದುವಿನ ಮೇಲೆ ಕುಕ್ಕರಿಸಿ ಅತ್ತ.