ಕಂಬಿ ಹಿಡಿಯದ ಕಂಡಕ್ಟರು

ಕಂಡಕ್ಟರು ಬಿದ್ದದ್ದು ಬಸ್ಸಿನಲ್ಲಲ್ಲ, ತಮ್ಮ ಮನೆಯ ಹಾಲಿನಲ್ಲಿ. ಅದೂ ಹಾಡಹಗಲಲ್ಲಿ, ಒಣಗಿದ ನೆಲದ ಮೇಲೆ. ಫೋನು ಬಡಿದುಕೊಳ್ಳುತ್ತಿತ್ತು. ಎತ್ತೋಣವೆಂದು ಗಕ್ಕನೆ ತಿರುಗಿದರು. ಬಾಗಿಲ ಬಳಿಯ ಕಾಲೊರಸಿನ ಅಂಚು ಚಪ್ಪಲಿಯ ತುದಿಗೆ ಸಿಕ್ಕಿಕೊಂಡಿತು. ಆಮೇಲೆ ಕಣ್ಣು ಬಿಟ್ಟು ನೋಡಿದರೆ ಸೋಫಾದ ತಳ ಕಾಣುತ್ತಿತ್ತು. ಅಲ್ಲೊಂದು ಹಳೆಯ ಬಾಚಣಿಗೆ, ಪೆನ್ನಿನ ಮುಚ್ಚಳ, ಉಂಡೆಗಟ್ಟಿದ ಧೂಳು. ಫೋನು ಇನ್ನೊಂದಷ್ಟು ಹೊತ್ತು ಬಡಿದುಕೊಂಡು, ಬೇಸತ್ತು ಸುಮ್ಮನಾಯಿತು.

ಹೆಂಡತಿ ತರಕಾರಿ ತರಲು ಹೋಗಿದ್ದರು. ಕಂಡಕ್ಟರು ಏಳಲು ನೋಡಿದರು, ಆಗಲಿಲ್ಲ. ನೋವಿಗಿಂತ ಅದೇ ಅವರಿಗೆ ದಿಗಿಲು ಹುಟ್ಟಿಸಿತು. ಕೈಕಾಲು ಎಲ್ಲ ಇದ್ದಲ್ಲೇ ಇವೆ, ಮುರಿದಂತೆ ಕಾಣುವುದಿಲ್ಲ, ಆದರೂ ನೆಲದಿಂದ ಮೇಲೇಳುವುದು ಹೇಗೆಂಬುದೇ ಮರೆತುಹೋದಂತಿತ್ತು. ಕೊನೆಗೆ ತೆವಳಿಕೊಂಡು ಸೋಫಾದ ತನಕ ಹೋಗಿ, ಅದರ ಕೈ ಹಿಡಿದು, ಏದುಸಿರು ಬಿಡುತ್ತ ಮೇಲೆ ಹತ್ತಿ ಕುಳಿತರು. ಹೆಂಡತಿ ಬಂದಾಗ ಪೇಪರು ಓದುತ್ತಿದ್ದರು.

"ಫೋನ್ ಮಾಡಿದ್ದೆ, ಎತ್ಲಿಲ್ಲ?"

"ಕೇಳಿಸ್ಲಿಲ್ಲ."

ಸುಳ್ಳು ಹೇಳಲು ಕಾರಣವಿತ್ತು. ಕೆಲಸದಲ್ಲಿದ್ದಷ್ಟು ಕಾಲ ಅವರು ಓಡುವ ಬಸ್ಸಿನಲ್ಲಿ ಕಂಬಿ ಹಿಡಿದವರಲ್ಲ. ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ, ಬಾಯಲ್ಲಿ "ಒಳಗೆ ನಡೀರಿ, ಒಳಗೆ ನಡೀರಿ". ಬಸ್ಸು ತಿರುಗುವ ಮೊದಲೇ ಅವರ ಸೊಂಟ ತಿರುಗುತ್ತಿತ್ತು. ಬ್ರೇಕು ಬಿದ್ದಾಗ ಕೂತವರೆಲ್ಲ ಮುಂದಿನ ಸೀಟಿಗೆ ಮೂಗು ತಾಗಿಸಿಕೊಂಡರೆ ಇವರು ನಿಂತಲ್ಲೇ ಚಿಲ್ಲರೆ ಎಣಿಸುತ್ತಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಬೀದಿಯವರಿಗೆ ಅವರು ಕಂಡಕ್ಟರೇ. ಅಂಥವರು ಅಲ್ಲಾಡದ ನೆಲದ ಮೇಲೆ ಮಕಾಡೆ ಬಿದ್ದರು ಎಂದರೆ ನಗದವರು ಯಾರು?

ಆದರೆ ಮೈಯ ಗುಟ್ಟು ಹೆಂಡತಿಯಿಂದ ಎಷ್ಟು ದಿನ ಮುಚ್ಚಿಡಲಾದೀತು? ಆಕೆ ಮನೆಯಲ್ಲೇ ಹೊಲಿಗೆ ಮಾಡಿ ಪಳಗಿದವರು, ಬಟ್ಟೆ ಎಲ್ಲಿ ಸೊಟ್ಟಗಾಗಿದೆಯೆಂದು ದೂರದಿಂದಲೇ ಹೇಳುವವರು. ಗಂಡ ಊಟಕ್ಕೆ ಓರೆಯಾಗಿ ಕೂರುವುದನ್ನು ಕಂಡು ಹುಬ್ಬು ಗಂಟಿಕ್ಕಿದರು. ಮಾರನೆಯ ದಿನ ಸೊಂಟದ ಮೇಲೆ ಬದನೆಕಾಯಿ ಬಣ್ಣದ ಕಲೆ ಕಣ್ಣಿಗೆ ಬಿತ್ತು.

"ಇದೇನ್ರೀ ಇದು?"

"ಮೇಜು ತಾಗ್ತು."

"ಮೇಜಿಗೇನು ಕಾಲು ಬಂತಾ, ಓಡ್ಬಂದು ತಾಗೋಕೆ?"

ವಿಷಯ ಹೊರಬಿತ್ತು. ಮಗಳಿಗೂ ಗೊತ್ತಾಯಿತು. ಆಕೆ ಇರುವುದು ಅದೇ ಊರಿನ ಇನ್ನೊಂದು ಬಡಾವಣೆಯಲ್ಲಿ. ಅಂದೇ ಸಂಜೆ ಗಂಡನೊಂದಿಗೆ ಬಂದು, ಎಕ್ಸ್-ರೇ ಮಾಡಿಸಿ, ಮೂಳೆ ಗಟ್ಟಿಯಿದೆಯೆಂದು ತಿಳಿದ ಮೇಲೂ ಅಪ್ಪನಿಗೆ ಕಟ್ಟಪ್ಪಣೆ ಹೊರಡಿಸಿದಳು. "ಅಪ್ಪ, ಇನ್ಮೇಲೆ ನೀವು ಸುಮ್ನೆ ಕೂತ್ಕೊಳ್ಳಿ. ಪಾರ್ಕು ಬೇಡ, ಮೆಟ್ಟಿಲು ಬೇಡ. ಏನು ಬೇಕಾದ್ರೂ ಅಮ್ಮನ್ನ ಕೇಳಿ."

ಕಂಡಕ್ಟರು ಒಂದಿಷ್ಟೂ ವಾದಿಸಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೂ ಅದೇ ಬೇಕಾಗಿತ್ತು. ಬಿದ್ದ ದಿನದಿಂದ ಒಳಗೊಂದು ಹೆದರಿಕೆ ಮನೆಮಾಡಿತ್ತು. ಬಚ್ಚಲಿಗೆ ಹೋಗುವಾಗಲೂ ಗೋಡೆ ಸವರಿಕೊಂಡೇ ಹೋಗುತ್ತಿದ್ದರು. ಬಿಳಿ ಗೋಡೆಯ ಮೇಲೆ ಅವರ ಅಂಗೈಯ ಎತ್ತರಕ್ಕೆ ಒಂದು ಮಾಸಲು ಪಟ್ಟೆ ಮೂಡಿತು. ಪಾರ್ಕಿನ ಗೆಳೆಯರು ಕೇಳಿದರೆ "ಬಿಸಿಲು ಜಾಸ್ತಿ" ಎನ್ನುವುದು, ಬಿಸಿಲಿಲ್ಲದ ದಿನ "ಧೂಳು ಜಾಸ್ತಿ" ಎನ್ನುವುದು. ಹಗಲೆಲ್ಲ ಟಿವಿ ಮುಂದೆ ಕೂತು ತೂಕಡಿಸಿದ ಮೇಲೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಯಾರೋ ಕೊಟ್ಟ ನಿದ್ದೆ ಮಾತ್ರೆಯೂ ಶುರುವಾಯಿತು. ನೋಡನೋಡುತ್ತಿದ್ದಂತೆ ತೊಡೆ ಸಣ್ಣಗಾಯಿತು. ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಿ, ಮುಂದಕ್ಕೆ ತೂಗಿ, ಮತ್ತೆ ಹಿಂದಕ್ಕೆ ಬಿದ್ದು, ಎರಡನೆಯ ಸಲಕ್ಕೆ ಏಳುವಂತಾಯಿತು.

ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತವರಿಗೆ ಕಣ್ಣು ಕತ್ತಲಿಟ್ಟಿತು. ಪಕ್ಕದಲ್ಲಿದ್ದ ಹೆಂಡತಿಯ ಭುಜವನ್ನು ಗಬಕ್ಕನೆ ಹಿಡಿದರು. ಆಕೆ ತಮ್ಮ ತೂಕದ ಜೊತೆ ಅವರ ತೂಕವನ್ನೂ ಹೊತ್ತು ಬೀರುವಿಗೆ ಆನಿಕೊಂಡದ್ದರಿಂದ ಇಬ್ಬರೂ ಉಳಿದರು. ಮೊಣಕೈ ಉಜ್ಜಿಕೊಳ್ಳುತ್ತ ಆಕೆ ಹೇಳಿದರು:

"ಸಾಕು ರೀ ಇದು. ಕೂತೂ ಕೂತೂ ಹೀಗಾಗಿದೀರಿ. ಬೀಳೋದಾದ್ರೆ ನೀವೊಬ್ರೇ ಬೀಳಿ, ನನ್ನನ್ನೂ ಎಳ್ಕೊಂಡು ಬೀಳ್ಬೇಡಿ. ಹೊರಡಿ, ಡಾಕ್ಟ್ರ ಹತ್ರ ಹೋಗೋಣ."

ಡಾಕ್ಟರು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ನೋಡಿದರು. ನಿಂತಾಗ ಸರ್ರನೆ ಇಳಿಯುತ್ತಿತ್ತು. ನಿದ್ದೆ ಮಾತ್ರೆಯ ವಿಷಯ ಕೇಳಿ ತಲೆಯಲ್ಲಾಡಿಸಿ ಅದನ್ನು ಬಿಡಿಸುವ ದಾರಿ ಹೇಳಿದರು, ಮೊದಲಿನಿಂದ ನುಂಗುತ್ತಿದ್ದ ಬಿಪಿ ಮಾತ್ರೆಯನ್ನು ಬದಲಿಸಿದರು, ಕಣ್ಣು ಪರೀಕ್ಷೆ ಮಾಡಿಸಿ ಎಂದರು. ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ಏಳಿ ಎಂದರು. ಅಲ್ಲಿಂದ ಫಿಸಿಯೋಥೆರಪಿಯ ಕೋಣೆಗೆ ಕಳಿಸಿದರು.

ಅಲ್ಲಿದ್ದಾಕೆ ನಡುವಯಸ್ಸಿನ ಹೆಂಗಸು, ಬಂದವರೆಲ್ಲ ಮೇಡಂ ಎನ್ನುತ್ತಿದ್ದರು. ಕಂಡಕ್ಟರು ಕೂರುವ ಮೊದಲೇ ತಮ್ಮ ಬಸ್ಸಿನ ಪುರಾಣ ಬಿಚ್ಚಿದರು. ಮೇಡಂ ಪೂರ್ತಿ ಕೇಳಿಸಿಕೊಂಡು, "ಸರಿ ಸರ್. ಕೈ ಎದೆಗೆ ಕಟ್ಟಿ, ಕುರ್ಚಿಯಿಂದ ಎದ್ದೇಳಿ ನೋಡೋಣ" ಎಂದರು.

ಏಳಲಾಗಲಿಲ್ಲ. ಕಂಡಕ್ಟರು ಕುರ್ಚಿಯ ಕಡೆ ಅದರದೇ ತಪ್ಪೆಂಬಂತೆ ನೋಡಿದರು. ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ನಿಲ್ಲಲು ಹೇಳಿದಾಗ ಹೊಸದಾಗಿ ಸೈಕಲ್ ಕಲಿಯುವವರ ಹಾಗೆ ವಾಲಿದರು. ಮೇಡಂ, ಬಿದ್ದರೆ ಹಿಡಿಯಲೆಂದು, ಕಂಡಕ್ಟರ ಸೊಂಟದ ಬಳಿ ಕೈ ಇಟ್ಟೇ ನಿಂತಿದ್ದರು.

"ಅಷ್ಟು ವರ್ಷ ಬಸ್ಸಲ್ಲಿ ನಿಂತವನು ನಾನು, ಮೇಡಂ," ಎಂದರು ಕಂಡಕ್ಟರು. ದನಿ ಸಣ್ಣದಾಗಿತ್ತು.

"ಅದೇ ಸರ್ ನಿಮಗೆ ವ್ಯಾಯಾಮ ಆಗಿದ್ದು. ಅದು ನಿಂತ್ಹೋಯ್ತು, ಟಿವಿ ಮುಂದೆ ಕೂತ್ರಿ. ಬಿದ್ದ ಮೇಲೆ ಇನ್ನೂ ಭದ್ರವಾಗಿ ಕೂತ್ರಿ. ಕಾಲೇನು ಮಾಡತ್ತೆ ಪಾಪ? ನಮ್ಮ ಕೆಲಸ ಮುಗೀತು ಅಂತ ಅದೂ ರಿಟೈರ್ ಆಗಿದೆ."

"ಮತ್ತೆ ಡ್ಯೂಟಿಗೆ ಕರೀಬಹುದಾ?"

"ಕರೀಬಹುದು. ಆದ್ರೆ ಕರೆದ ದಿನಾನೇ ಓವರ್‌ಟೈಮ್ ಮಾಡತ್ತೆ ಅಂತ ಕಾಯ್ಬೇಡಿ."

ಮರುದಿನದಿಂದ ಅಡುಗೆಮನೆಯೇ ಗರಡಿಯಾಯಿತು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇಳಿಸುವುದು. ಕುರ್ಚಿಯಿಂದ ಎದ್ದು ಕೂರುವುದು, ಮೊದಮೊದಲು ಕೈ ಊರಿ, ಬರಬರುತ್ತ ಕೈ ಬಿಟ್ಟು. ಕಟ್ಟೆಯ ಉದ್ದಕ್ಕೂ ಒಂದು ಹೆಜ್ಜೆಯ ಬೆನ್ನಿಗೆ ಇನ್ನೊಂದನ್ನು ಅಂಟಿಸಿಕೊಂಡು ನಡೆಯುವುದು. ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿ ಮೊದಲು ನೋಡಿ ನಕ್ಕರು, ಆಮೇಲೆ "ನನ್ನ ಮಂಡಿನೂ ಅಷ್ಟಕ್ಕಷ್ಟೇ" ಎಂದು ಚಾಕು ಕೆಳಗಿಟ್ಟು ಪಕ್ಕದಲ್ಲಿ ನಿಂತರು. ಅಳಿಯ ಡ್ರಿಲ್ಲು ತಂದು ಬಚ್ಚಲ ಗೋಡೆಗೆ ಹಿಡಿಕೆ ಕೂರಿಸಿದ. ಕಾಲೊರಸು ಹಿತ್ತಲು ಸೇರಿತು. ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿಯನ್ನು ಹೆಂಡತಿ ಕಸದ ಬುಟ್ಟಿಗೆ ಹಾಕಿದರು. ಕಂಡಕ್ಟರು ಒಂದು ಸಲ ಎತ್ತಿಕೊಂಡು ಬಂದರು. ಎರಡನೆಯ ಸಲ ಎಸೆದ ಮೇಲೆ ಅದರ ಆಸೆ ಬಿಟ್ಟರು.

ಎಲ್ಲಕ್ಕಿಂತ ಕಷ್ಟವಾದದ್ದು ನೆಲದಿಂದ ಏಳುವ ಪಾಠ. ಮೇಡಂ ಚಾಪೆಯ ಮೇಲೆ ಮಲಗಿಸಿ, "ಬಿದ್ದ ಕೂಡ್ಲೆ ಏಳೋಕೆ ಹೋಗ್ಬೇಡಿ. ಮೊದಲು ಉಸಿರು ತಗೊಳ್ಳಿ, ಎಲ್ಲಿ ನೋವಿದೆ ನೋಡ್ಕೊಳ್ಳಿ. ಜೋರು ನೋವಿದ್ರೆ ಅಲ್ಲೇ ಇದ್ದು ಯಾರನ್ನಾದ್ರೂ ಕೂಗಿ" ಎಂದರು. ನೋವಿಲ್ಲದಿದ್ದರೆ ಮಗ್ಗುಲಾಗಿ, ಕೈ ಮಂಡಿ ಊರಿ, ಕುರ್ಚಿಯ ತನಕ ಅಂಬೆಗಾಲಿಟ್ಟು, ಒಂದು ಪಾದ ಊರಿ ಮೇಲೇಳಬೇಕು. ಮಗಳಿಗೆ ಅಂಬೆಗಾಲು ಕಲಿಸಿದವರು ಈಗ ತಾವೇ ಕಲಿಯುತ್ತಿದ್ದರು. ಮೊದಲ ದಿನ ಮುಖ ಕೆಂಪಾಯಿತು. ಆದರೆ ಯಾರ ಕೈಯನ್ನೂ ಹಿಡಿಯದೆ ಎದ್ದು ಕುರ್ಚಿಯಲ್ಲಿ ಕೂತ ದಿನ, ಒಳಗಿದ್ದ ಹೆದರಿಕೆಯ ಬಿಗಿ ಸಡಿಲವಾದದ್ದು ಅವರಿಗೇ ತಿಳಿಯಿತು. ಬಿದ್ದರೂ ಏಳಬಹುದು ಎಂದಾದ ಮೇಲೆ ನಡೆಯುವುದಕ್ಕೆ ಧೈರ್ಯ ಬಂತು. ಮಗಳು ಬಂದಾಗ ಅಪ್ಪ ಗೇಟಿನ ತನಕ ಹೋಗಿ ಬರುತ್ತಿದ್ದರು. ಆಕೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ನೀನು ಸುಮ್ನಿರು" ಎಂದರು.

ಹೀಗಿರುವಾಗಲೇ ಅವರ ಬಸ್ಸಿನ ಹಳೆಯ ಡ್ರೈವರನ ಸುದ್ದಿ ಬಂತು. ಇಬ್ಬರೂ ಒಂದೇ ರೂಟಿನಲ್ಲಿ, ಒಂದೇ ಬಸ್ಸಿನಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಬಲ್ಬು ಬದಲಿಸಲು ಪ್ಲಾಸ್ಟಿಕ್ ಸ್ಟೂಲ್ ಹತ್ತಿದ ಡ್ರೈವರು ಕೆಳಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದನಂತೆ. ಆಪರೇಷನ್ ಆಗಿ ಮನೆಗೆ ಬಂದಿದ್ದಾನೆ, ಆದರೆ ಮಂಚ ಬಿಟ್ಟು ಇಳಿಯುವುದಿಲ್ಲ ಎಂದು ಅವನ ಸೊಸೆ ಫೋನಿನಲ್ಲಿ ಅತ್ತಳು. "ನೀವಾದ್ರೂ ಒಂದ್ಸಲ ಬಂದು ಹೇಳಿ, ಕಂಡಕ್ಟರ್ ಮಾವ."

ಬಿದ್ದ ಮೇಲೆ ಕಂಡಕ್ಟರು ಬಸ್ಸು ಹತ್ತಿರಲಿಲ್ಲ. ಅಂದು ಹೆಂಡತಿಯ ಜೊತೆ ಹತ್ತಿದರು. ಹೆಂಡತಿಗೆ ಸೀಟು ಸಿಕ್ಕಿತು, ಇವರು ನಿಂತರು. ಟಿಕೆಟ್ಟು ಕೊಡುತ್ತಿದ್ದಾಕೆ ಹತ್ತಿರ ಬಂದು, "ಅಜ್ಜ, ಕಂಬಿ ಹಿಡ್ಕೊಳ್ಳಿ. ಮುಂದೆ ತಿರುವಿದೆ" ಎಂದಳು.

ಈ ತಿರುವು ನೀನು ಹುಟ್ಟೋ ಮೊದಲೇ ನಂಗೊತ್ತಮ್ಮ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೆಂಡತಿ ಸೀಟಿನಿಂದ ನೋಡುತ್ತಿದ್ದರು. ಕಂಡಕ್ಟರು ಕೈ ಎತ್ತಿ ಕಂಬಿ ಹಿಡಿದರು. ಬಸ್ಸು ತಿರುಗಿತು, ಮೈ ವಾಲಿತು, ಕೈ ತಡೆಯಿತು. ಅಷ್ಟೇ. ಬಸ್ಸಿನಲ್ಲಿ ಯಾರೂ ಅವರ ಕಡೆ ತಿರುಗಿ ನೋಡಲೂ ಇಲ್ಲ. ಇಷ್ಟಕ್ಕಾಗಿಯಾ ನಾನು ಮನೆಯಲ್ಲಿ ಕೊಳೆತದ್ದು ಎಂದುಕೊಂಡರು.

ಡ್ರೈವರು ಗೋಡೆಗೆ ಮುಖ ಮಾಡಿ ಮಲಗಿದ್ದ. ಮಂಚದ ಪಕ್ಕದಲ್ಲಿ ಆಸ್ಪತ್ರೆಯವರು ಕೊಟ್ಟ ವಾಕರ್ ಇತ್ತು, ಅದರ ಮೇಲೆ ಟವೆಲ್ಲು ಒಣಗುತ್ತಿತ್ತು.

"ಏನಯ್ಯಾ, ಬಟ್ಟೆ ಒಣಗಿಸೋಕೆ ಒಳ್ಳೆ ಸ್ಟ್ಯಾಂಡ್ ತಗೊಂಡಿದೀಯ," ಎಂದರು ಕಂಡಕ್ಟರು.

"ಬಾ, ಕೂತ್ಕೋ. ಬುದ್ಧಿ ಹೇಳೋಕೆ ಬಂದಿದ್ರೆ ಹಾಗೇ ವಾಪಸ್ ಹೋಗು."

"ಡಾಕ್ಟ್ರು ನಡೀಬೇಡ ಅಂದಿದಾರಾ?"

ಬಾಗಿಲಲ್ಲಿ ನಿಂತಿದ್ದ ಸೊಸೆ, "ದಿನಾ ನಡೀಲೇಬೇಕು ಅಂದಿದಾರೆ ಮಾವ. ನಡೆಸೋದು ಹೇಗೆ ಅಂತ ನಂಗೂ ತೋರಿಸಿದಾರೆ" ಎಂದಳು.

"ಮಲಗಿದವನು ಎಲ್ಲಿಗೆ ಬೀಳ್ತಾನೆ?" ಡ್ರೈವರು ಗುರ್ರೆಂದ. "ಎದ್ರೆ ತಾನೆ ಬೀಳೋದು?"

ಕಂಡಕ್ಟರು ಕುರ್ಚಿ ಎಳೆದುಕೊಂಡು ಕೂತರು. "ನಾನೂ ಬಿದ್ದೆ ಕಣಯ್ಯ," ಎಂದರು.

ಮನೆಯವರು, ಆಸ್ಪತ್ರೆಯವರ ಹೊರತು ಬೇರೆ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ. ಫೋನು, ಕಾಲೊರಸು, ಸೋಫಾದ ಕೆಳಗಿನ ಬಾಚಣಿಗೆ, ಗೋಡೆಯ ಮೇಲಿನ ಪಟ್ಟೆ, ಕೈಕಟ್ಟಿ ಕುರ್ಚಿಯಿಂದ ಏಳಲಾಗದೆ ಹೋದದ್ದು, ಅಂಬೆಗಾಲು, ಒಂದನ್ನೂ ಬಿಡಲಿಲ್ಲ. ಡ್ರೈವರು ನಿಧಾನಕ್ಕೆ ಇತ್ತ ಮುಖ ತಿರುಗಿಸಿದ.

"ನೀನಾ? ಕಂಬಿ ಮುಟ್ಟದೆ ಮೆರೀತಿದ್ದೆಯಲ್ಲ, ನೀನಾ?"

"ನಾನೇ. ಹಾಲಲ್ಲಿ. ಬಸ್ಸೂ ಇಲ್ಲ, ಬ್ರೇಕೂ ಇಲ್ಲ."

ಡ್ರೈವರು ನಕ್ಕ. ಸೊಂಟ ನೋಯುವಷ್ಟು ನಕ್ಕು, ಅಯ್ಯೋ ಎಂದು ಹಿಡಿದುಕೊಂಡು, ಮತ್ತೆ ನಕ್ಕ. ನಗು ನಿಂತ ಮೇಲೆ ಸೊಸೆಗೆ ಕೇಳಿಸದ ದನಿಯಲ್ಲಿ ಹೇಳಿದ: "ಕಾಲು ಕೆಳಗಿಟ್ಟ ಕೂಡ್ಲೆ ನೆಲ ಸರೀತಿದೆ ಅನ್ಸತ್ತೆ ಕಣೋ. ಗಾಡಿ ಓಡ್ತಿದೆ, ಸ್ಟೇರಿಂಗ್ ಕೈಲಿಲ್ಲ, ಹಾಗೆ."

"ನಂಗೂ ಹಾಗೇ ಅನ್ಸ್ತಿತ್ತು. ಕೂತಷ್ಟೂ ಅದು ಜಾಸ್ತಿ ಆಯ್ತು, ಕಮ್ಮಿ ಆಗ್ಲಿಲ್ಲ."

ಡ್ರೈವರು ಮೊಣಕೈ ಊರಿ ತಲೆ ಎತ್ತಿದ. ಆಮೇಲೆ ಸೊಸೆಯನ್ನು ಕರೆದು, "ಆ ಟವೆಲ್ ತೆಗಿಯಮ್ಮ" ಎಂದ.

ಸೊಸೆ ಆಸ್ಪತ್ರೆಯಲ್ಲಿ ಕಲಿತಂತೆ ಮಾವನನ್ನು ಮಂಚದ ಅಂಚಿಗೆ ಕೂರಿಸಿ, ತಲೆ ತಿರುಗುತ್ತದೆಯೇ ಎಂದು ಕೇಳಿ, ಸೊಂಟದ ಬೆಲ್ಟು ಹಿಡಿದು ನಿಲ್ಲಿಸಿದಳು. ಡ್ರೈವರು ಎರಡೂ ಕೈಯಿಂದ ವಾಕರ್ ಹಿಡಿದ. ಕಂಡಕ್ಟರ ಬಾಯಿಂದ ತಾನಾಗಿ ಹೊರಟಿತು: "ರೈಟ್!"

ಡ್ರೈವರನ ಕಾಲು ಮುಂದೆ ಬಂತು. ಒಂದು, ಮತ್ತೊಂದು. ಬಾಗಿಲು ಸಮೀಪಿಸುವಾಗ ಕಂಡಕ್ಟರು, "ಹೋಲ್ಡಾನ್!" ಎಂದರು.

"ಸ್ಟಾಪಿಲ್ಲದ ಕಡೆ ಯಾಕಯ್ಯಾ ನಿಲ್ಲಿಸ್ತೀಯ?"

"ಫ್ಯಾನಿನ ವೈರು ಅಡ್ಡ ಇದೆ, ತಡಿ." ಕಂಡಕ್ಟರ ಹೆಂಡತಿ ಬಗ್ಗಿ ವೈರನ್ನು ಗೋಡೆಯ ಬದಿಗೆ ಸರಿಸಿದರು. ಡ್ರೈವರು ಬಾಗಿಲ ತನಕ ಹೋಗಿ, ಹೊರಗಿನ ಬೀದಿಯನ್ನು ಅಷ್ಟು ದಿನಗಳ ಮೇಲೆ ಒಂದು ಗಳಿಗೆ ನೋಡಿ, ಬೆವರುತ್ತ ವಾಪಸು ಬಂದ. ಸೊಸೆ ಕಣ್ಣೊರೆಸಿಕೊಂಡು ಟೀ ಇಡಲು ಹೋದಳು.

ಡ್ರೈವರು ಮೊದಲಿನಂತಾದ ಎಂದು ಹೇಳಲಾಗದು. ಒಂದು ಕಾಲು ತುಸು ಗಿಡ್ಡವೇ ಉಳಿಯಿತು. ವಾಕರ್ ಬಿಡಲು ಬಹಳ ಕಾಲ ಹಿಡಿಯಿತು, ಕೋಲು ಕೊನೆಗೂ ಬಿಡಲಿಲ್ಲ. ಆದರೆ ಬಚ್ಚಲಿಗೆ ತಾನೇ ಹೋಗುತ್ತಾನೆ, ಬೀದಿಯ ಕೊನೆಯ ಅಂಗಡಿಯಿಂದ ಪೇಪರು ತರುತ್ತಾನೆ. ಕಂಡಕ್ಟರೂ ಅಷ್ಟೇ, ಒಮ್ಮೊಮ್ಮೆ ವಾಲುತ್ತಾರೆ, ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತಾರೆ, ಸೋಮಾರಿತನ ಬಂದ ದಿನ ಹೆಂಡತಿಯಿಂದ ಬೈಸಿಕೊಳ್ಳುತ್ತಾರೆ.

ಮೇಡಂ ವಾರಕ್ಕೊಮ್ಮೆ ಆಸ್ಪತ್ರೆಯ ಹಿಂದಿನ ದೊಡ್ಡ ಕೋಣೆಯಲ್ಲಿ ವಯಸ್ಸಾದವರನ್ನೆಲ್ಲ ಸೇರಿಸುತ್ತಾರೆ. ಅಲ್ಲಿ ಎಲ್ಲರೂ ಗೋಡೆಯ ಪಕ್ಕದಲ್ಲಿ ಸಾಲಾಗಿ, ನೆಲದ ಟೈಲಿನ ಗೆರೆ ಹಿಡಿದು, ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಬೇಕು. ಕಳೆದ ವಾರ ಕಂಡಕ್ಟರ ಹೆಂಡತಿ ಮುಂದೆ, ಅವರ ಹಿಂದೆ ಡ್ರೈವರು, ಕೊನೆಯಲ್ಲಿ ಕಂಡಕ್ಟರು. ಡ್ರೈವರು ಕೋಲು ಕುಟ್ಟಿ, "ಮುಂದಿನವರು ಸ್ವಲ್ಪ ಬೇಗ ನಡೀಬಾರ್ದಾ?" ಎಂದು ಗೊಣಗಿದ.

"ಹಿಂದಿನಿಂದ ಹಾರ್ನ್ ಹೊಡೀಬೇಡಿ," ಎಂದರು ಆಕೆ, ಗೆರೆಯಿಂದ ಕಣ್ಣು ತೆಗೆಯದೆ. "ಸೈಡ್ ಕೊಡಲ್ಲ."

ಕಂಡಕ್ಟರಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಗೆರೆ ತಪ್ಪುತ್ತದೆ. ತಪ್ಪಿತು. ಗೋಡೆಗೆ ಕೈ ಕೊಟ್ಟು ನಿಂತು, ನಕ್ಕು ಮುಗಿಸಿ, ಪಾದವನ್ನು ಮತ್ತೆ ಗೆರೆಯ ಮೇಲಿಟ್ಟರು.