ಪ್ಯಾನೆಲ್ ಪಾಸ್

ತಾಳಿದವನು ಹೋಳಾದಾನು. ಗಾದೆ ಹೀಗಿಲ್ಲವೆಂದು ಮೇಷ್ಟರುಗಳು ಕಿವಿ ಹಿಂಡಬಹುದು. ದಿಲ್ಲಿ ಪಕ್ಕದ ಮಾನೇಸರಿನ ವ್ಯಾನ್ ಕಾರ್ಖಾನೆಯಲ್ಲಿ ಮಾತ್ರ ಹೀಗೇ ನಡೆಯಿತು, ಒಂದಕ್ಷರ ಸುಳ್ಳಿಲ್ಲ.

ಇಂದುಶೇಖರ ವರ್ಷಗಟ್ಟಲೆ ಕೂತು ಒಂದು ಸೌರ ಪ್ಯಾನೆಲ್ ಮಾಡಿದ್ದ. ಗಾಜಿಲ್ಲ, ಚೌಕಟ್ಟಿಲ್ಲ, ವ್ಯಾನಿನ ನೆತ್ತಿಗೆ ಹಪ್ಪಳದಂತೆ ಅಂಟಿಸಿದರಾಯಿತು. ವ್ಯಾನಿಗೆ ತಲೆಭಾರವಿಲ್ಲ, ತಲೆಬಿಸಿಯೆಲ್ಲ ಇವನದು. ಉಳಿದದ್ದು ತಾಳಿಕೆಯ ಪರೀಕ್ಷೆ. ಹರಿಯಾಣದ ಹಳ್ಳದಿಣ್ಣೆಗಳನ್ನೆಲ್ಲ ನುಂಗಿದಂತೆ ನಡುಗುವ ಮೇಜೊಂದರ ಮೇಲೆ ಅದನ್ನು ಕುಲುಕುತ್ತಿದ್ದರು. ಪಾಸಾದರೆ ಕಂಪನಿಯ ಅಷ್ಟೂ ವ್ಯಾನುಗಳಿಗೆ ಅದೇ ಚಾವಣಿ. ಫೇಲಾದರೆ ಯೋಜನೆಗೆ ಬೀಗ, ಇಂದುಶೇಖರ ಬಾಗಿಲಿನ ರಬ್ಬರ್ ವಿಭಾಗಕ್ಕೆ.

ಆ ದಿನ ಊಟಕ್ಕೆ ಮುಂಚೆ ಮೇಜು ನಿಂತಿತು. ಅವನೊಬ್ಬನೇ ಪ್ಯಾನೆಲನ್ನು ಕತ್ತಲೆ ಕೋಣೆಗೆ ಒಯ್ದು, ಕರೆಂಟು ಹಾಯಿಸಿ, ಕ್ಯಾಮೆರಾದಲ್ಲಿ ನೋಡಿದ. ಗಟ್ಟಿಯಿರುವ ಭಾಗ ಹೊಳೆಯುತ್ತದೆ, ಒಡೆದದ್ದು ಕಪ್ಪಗೆ ಉಳಿಯುತ್ತದೆ. ಅರ್ಧಕ್ಕರ್ಧ ಕಪ್ಪು, ಕರೆಂಟು ಹೋದ ದಿಲ್ಲಿಯ ದ್ವಾರಕಾ ಬಡಾವಣೆಯ ಥರ. ಹೊರಗಿನಿಂದ ಒಂದು ಗೀರೂ ಇಲ್ಲ. ಎದೆ ಧಸಕ್ಕೆನ್ನಬಹುದೆಂದು ಕಾದ. ಏನೂ ಆಗಲಿಲ್ಲ. ಕೋಣೆಗೆ ಬೀಗ ಹಾಕಿ, ಕೈ ತೊಳೆದು ಕ್ಯಾಂಟೀನಿಗೆ ಹೋದ. ಊಟವಾದ ಮೇಲೆ ಮೇಲಧಿಕಾರಿ ಖುರಾನಾ ಸಾಹೇಬರಿಗೆ ಹೇಳಿದರಾಯಿತು.

ಹೆಂಡತಿ ಲೀಲಾ ಕಟ್ಟಿಕೊಟ್ಟ ಚಿತ್ರಾನ್ನದಲ್ಲಿ ಹಸಿಮೆಣಸಿನಕಾಯಿ ಸಿಕ್ಕಿತು. ಅಗಿದ. ಖಾರ ಹತ್ತಲಿಲ್ಲ.

ಗೋಡೆಯ ಫೋನು ಬಡಿದುಕೊಂಡಿತು. ಅವನ ಕೈಕೆಳಗಿನ ಮಯೂರಿ ಎತ್ತಿದಳು.

“ಸಾರ್, ನಿಮಗೇ. ಖುರಾನಾ ಸಾಹೇಬ್ರು.” ತುಟಿ ಕಚ್ಚಿಕೊಂಡಿದ್ದಳು.

“ಅರೇ ಇಂದುಶೇಖರ್ ಜೀ! ಹ್ಹೆಕ್ಕ್... ಮತ್ಲಬ್, ಬಧಾಯಿ ಹೋ! ನಿಮ್ದು ಪ್ಯಾನೆಲ್ ಪಾಸ್!”

ಆ ಕೆಮ್ಮು ಸಾಹೇಬರದೇ, ಆ ‘ಮತ್ಲಬ್’ ಸಾಹೇಬರದೇ, ತಂಡದ ಕನ್ನಡಿಗರಿಂದ ಕಲಿತ ಆ ಹರುಕುಮುರುಕು ಕನ್ನಡವೂ. ಆದರೆ ಫಲಿತಾಂಶವಿದ್ದ ಕೋಣೆಯ ಬೀಗದಕೈ ಇಂದುಶೇಖರನ ಜೇಬಿನಲ್ಲಿತ್ತು. ಇದು ಗಗನನ ಗಂಟಲು. ಸಾಹೇಬರಿಂದ ಹಿಡಿದು, ಮೆಟ್ರೋದಲ್ಲಿ ಬಾಗಿಲು ಎಡಕ್ಕೆ ತೆರೆಯುತ್ತದೆ ಎನ್ನುವ ಹೆಂಗಸಿನವರೆಗೆ ಎಲ್ಲರ ದನಿ ತೆಗೆಯುವ ತಂಡದ ಹುಡುಗ. ಫೋನು ಇಟ್ಟುಬಿಡಬಹುದಿತ್ತು. ಇಡಲಿಲ್ಲ.

“ಕೇಳಿಸಲಿಲ್ಲ ಸಾರ್. ಫಿರ್ ಸೇ ಬೋಲಿಯೇ.”

“ಪಾಸ್, ಭಾಯಿ, ಪಾಸ್! ಎಲ್ಲಾ ವ್ಯಾನ್ ಮೇಲೆ ಲಗಾವೋ!”

“ಇನ್ನೊಂದ್ಸಲ, ಸಾರ್.”

ಆ ಕಡೆ ದನಿ ತಡವರಿಸಿತು. “ಪಾ...” ಎನ್ನುವಷ್ಟರಲ್ಲಿ ನಗು ಉಕ್ಕಿ, ಅಡುಗೆಮನೆಯ ಕಿಂಡಿಯ ಹಿಂದಿನಿಂದ ಗಗನ್ ರಿಸೀವರ್ ಹಿಡಿದೇ ಎದ್ದು ನಿಂತ.

“ಸಾರಿ ಸಾರ್! ಸಂಜೆ ನಿಜವಾದ ಫೋನ್ ಬರತ್ತಲ್ಲ, ಅದರ ರಿಹರ್ಸಲ್! ಪಾರ್ಟಿ ಮಾತ್ರ ಈಗ್ಲೇ ಬೇಕು!”

“ಮತ್ತೆ ಮತ್ತೆ ಹೇಳಿಸ್ಕೊಂಡ್ರಲ್ಲೋ! ಏನ್ ಚೆನ್ನಾಗಿ ಬೇಸ್ತು ಬಿದ್ರು!” ಮಯೂರಿ ಮೇಜು ಗುದ್ದಿದಳು. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಇಂದುಶೇಖರ ಫೋನನ್ನು ಮೆಲ್ಲಗೆ ಕೊಕ್ಕೆಗೆ ಹಾಕಿದ. ಆಮೇಲೆ ನಕ್ಕ. ಹೊಟ್ಟೆ ಹಿಡಿದು, ಗೋಡೆಗೆ ಕೈಯೂರಿ, ರೊಟ್ಟಿ ಸುಡುತ್ತಿದ್ದ ಭಯ್ಯಾ ಇಣುಕಿ ನೋಡುವಷ್ಟು ಜೋರಾಗಿ. ಉಳಿದವರ ನಗು ನಿಂತ ಮೇಲೂ.